‘ಬಂತು’ ಅನ್ನಬಾರದ ಮನೆ

ನಮ್ಮ ಮನೆಯಲ್ಲಿ ‘ಬಂತು’ ಅನ್ನುವ ಮಾತಿಗೆ ಜಾಗವಿರಲಿಲ್ಲ. ಮೂರ್ಛೆ ಹೋಗುವ ಮೊದಲು ನನ್ನ ಮಗಳು ಚಿಲ್ಟು ಹಾಗೆ ಕೂಗುತ್ತಿದ್ದಳು: “ಅಮ್ಮಾ, ಬಂತು!” ನಾನು ಹೊಲಿಗೆ ಮಿಶನ್ ಬಿಟ್ಟು ಓಡಿ, ಅವಳನ್ನು ಮಗ್ಗುಲಿಗೆ ಮಲಗಿಸುವಷ್ಟರಲ್ಲಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ನಮಗೆ ಬಸ್ಸು ‘ಕಾಣ್ತು’, ನೀರು ‘ಬಿಟ್ರು’, ದೀಪ ‘ಹತ್ಕೊಳ್ತು’. ಬಾಯಿ ತಪ್ಪಿದರೆ ಗಂಡನಿಗೆ ನನ್ನಿಂದ ಮಂಗಳಾರತಿ.

ಯಾವ ಮಾತ್ರೆಗೂ ಬಗ್ಗದ ಮೂರ್ಛೆ ಅದು. ಡಾಕ್ಟರು ಮೆದುಳಿನ ಚಿತ್ರ ತೋರಿಸಿ, “ಇಲ್ಲಿಂದ ಶುರುವಾಗ್ತಿದೆ. ಇಷ್ಟು ತೆಗೆದ್ರೆ ನಿಲ್ಲೋ ಸಾಧ್ಯತೆ ಚೆನ್ನಾಗಿದೆ” ಎಂದರು.

“ಸಾಧ್ಯತೆ ಅಂದ್ರೆ? ಖಾತ್ರಿ ಇಲ್ವಾ?”

“ಖಾತ್ರಿ ಅಂತ ಯಾರೂ ಹೇಳೋಕಾಗಲ್ಲಮ್ಮ.”

ನಯವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಆಗದು. ಹೊಲಿಯುವವಳು ನಾನು, “ಸ್ವಲ್ಪವೇ ಕತ್ತರಿಸ್ತೀನಿ” ಅಂತ ಎಷ್ಟು ಜನರಿಗೆ ಹೇಳಿಲ್ಲ! ಆ ಚೂರಿನ ಜೊತೆ ಇವಳ ತಂಟೆ, ತಲೆಹರಟೆ, ನನ್ನನ್ನು ಅಣಕಿಸುವ ಬಾಯಿ ಎಲ್ಲಾ ಹೋದರೆ? ಕೇಳಿಯೇ ಬಿಟ್ಟೆ. ಅವರು ಇರುವ ಅಪಾಯಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಇಷ್ಟು ಹೇಳುವವರು ಇನ್ನೆಷ್ಟು ಬಚ್ಚಿಟ್ಟಿದ್ದಾರೋ ಅಂತ ಅನುಮಾನ ಹೆಚ್ಚಾಯಿತು.

ಗಂಡ ಸಿಡುಕಿದ. “ಎಲ್ಲಾದ್ರಲ್ಲೂ ಹುಳುಕು ಹುಡುಕ್ಬೇಡ ಕಣೇ. ಮೊನ್ನೆ ಅವಳು ಮೆಟ್ಟಿಲ ಮೇಲಿಂದ ಉರುಳಿದ್ದು ಮರೆತ್ಯಾ?”

ಮರೆತಿರಲಿಲ್ಲ. ಅದಕ್ಕೇ ಒಪ್ಪಿದೆ.

ಆಪರೇಷನ್ ಆದಮೇಲೆ ಚಿಲ್ಟು ತಲೆಗೆ ಪಟ್ಟಿ ಸುತ್ತಿಸಿಕೊಂಡು ಸುಮ್ಮನೆ ಮಲಗಿಬಿಟ್ಟಳು. ಏನು ಕೇಳಿದರೂ ತಲೆಯಾಡಿಸುವಳು, ಅಷ್ಟೇ. “ಸುಸ್ತು, ಸರಿಹೋಗ್ತಾಳೆ” ಎಂದರು ಡಾಕ್ಟರು. ನಾನು ನಂಬಲಿಲ್ಲ. ಇಷ್ಟು ಸಾಧು ಹುಡುಗಿ ನನ್ನ ಮಗಳಲ್ಲ, ತೆಗೆಯಬಾರದ್ದನ್ನೇ ತೆಗೆದಿದ್ದಾರೆ.

ಒಂದು ಮಧ್ಯಾಹ್ನ ಅವಳು ಗಬಕ್ಕನೆ ನನ್ನ ತೋಳು ಹಿಡಿದಳು.

“ಅಮ್ಮಾ, ಬಂತು!”

ಅವಳನ್ನು ಮಗ್ಗುಲಿಗೆ ಹೊರಳಿಸಿ, “ಡಾಕ್ಟ್ರೇ! ಮೋಸ ಮಾಡಿದ್ರಲ್ರೀ!” ಎಂದು ವಾರ್ಡಿಗೆಲ್ಲ ಕೇಳುವಂತೆ ಕಿರುಚಿದೆ.

“ಅಯ್ಯೋ, ಬಿಡಮ್ಮಾ!” ಚಿಲ್ಟು ಕೈ ಕೊಡವಿದಳು. “ಉಚ್ಚೆ ಬಂತು ಅಂದೆ. ಅದಕ್ಕೂ ಊರಿಗೆಲ್ಲ ಡಂಗುರ ಹೊಡೀಬೇಕಾ? ಮಾನ ತೆಗೀತೀಯ!”

ಅದೇ ಬಾಯಿ. ಅದೇ ಕೊಂಕು. ಓಡಿಬಂದ ಡಾಕ್ಟರು ಬಾಗಿಲಲ್ಲೇ ನಿಂತು ನಕ್ಕರು. ಮೂರ್ಛೆ ಇನ್ನು ಬರುವುದೇ ಇಲ್ಲ ಅಂತ ಆಗಲೂ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೆಡ್‌ಪ್ಯಾನ್ ತಂದಿಟ್ಟು ಮುಖ ಆ ಕಡೆ ತಿರುಗಿಸಿದೆ.

“ಯಾಕಮ್ಮಾ, ಏನಾಯ್ತು?”

“ಏನಿಲ್ಲ ಕಣೇ,” ಎಂದೆ. “ಅಳು ಬಂತು.”