ಸುಮ್ಮನೆ ಕೂತಿದ್ದವನು

ಭಾವ, ಭಾವಮೈದುನ ಇಬ್ಬರೂ ಒಂದೇ ಸ್ಕೂಟರಿನಿಂದ ಬಿದ್ದು ಆಸ್ಪತ್ರೆಗೆ ಬಂದಿದ್ದರು. ಹಣೆ ಒಡೆದುಕೊಂಡಿದ್ದ ಭಾವ, ಸತ್ತೇ ಹೋದೆ ಅಂತ ಆಕಾಶ ಭೂಮಿ ಒಂದು ಮಾಡುತ್ತಿದ್ದ.

"ಸಾಯೋರು ಇಷ್ಟು ಗಟ್ಟಿಯಾಗಿ ಕೂಗಲ್ಲಪ್ಪ," ಅಂದರು ಹಿರಿಯ ನರ್ಸು.

ಭಾವಮೈದುನ ದರ್ಜಿ, ದಪ್ಪನೆಯ ಆಳು. ಹ್ಯಾಂಡಲ್ ಬಡಿದಿದ್ದ ಬಲ ಎದೆಯನ್ನು ಒತ್ತಿಕೊಂಡು, "ನನಗೇನಿಲ್ಲ, ಮೊದಲು ಭಾವನ್ನ ನೋಡಿ," ಅಂದು ಬೆಂಚಿನ ಮೇಲೆ ಕೂತುಬಿಟ್ಟ.

ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ಭಾವನ ಹಣೆಗೆ ಮೂರನೇ ಹೊಲಿಗೆ ಹಾಕುತ್ತಲೇ ಬೆಂಚಿನ ಮೇಲಿದ್ದವನನ್ನು ಕೇಳಿದಳು: "ಹೇಗಿದ್ದೀರಿ ಅಲ್ಲಿ?"

"ಪರ... ವಾಗಿಲ್ಲ."

ಒಂದು ಮಾತಿಗೆ ಎರಡು ಉಸಿರು ಬೇಕಾಯಿತಲ್ಲ! ಅವಳು ಹೊಲಿಗೆ ಅಲ್ಲೇ ಬಿಟ್ಟು ಓಡಿದಳು.

ದರ್ಜಿಯನ್ನು ಮಂಚಕ್ಕೆ ಹಾಕಿ ಆಕ್ಸಿಜನ್ ಕೊಟ್ಟರು. ಅಂಗಿ ಕತ್ತರಿಸಿ ನೋಡಿದರೆ ಎದೆಯ ಎಡಗಡೆ ಮಾತ್ರ ಏಳುತ್ತಿತ್ತು. ಬಲಗಡೆ ಸ್ಟೆತಾಸ್ಕೋಪಿಗೆ ಉಸಿರೇ ಕೇಳಿಸಲಿಲ್ಲ. ಬೆರಳಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಕತ್ತಿನ ನರ ಉಬ್ಬಿತ್ತು, ತುಟಿ ನೀಲಿಗಟ್ಟಿತ್ತು, ಬಿಪಿ ಎಂಬತ್ತಕ್ಕೆ ಇಳಿದಿತ್ತು.

"ಎಕ್ಸ್‌ರೇಗೆ ಹೇಳ್ಲಾ?"

"ಅದು ಬರೋ ಹೊತ್ತಿಗೆ ಇವರಿರಲ್ಲ ಸಿಸ್ಟರ್. ಶ್ವಾಸಕೋಶದಿಂದ ಸೋರಿದ ಗಾಳಿ ಒಳಗೇ ತುಂಬಿಕೊಂಡು ಹೃದಯಾನ ಒತ್ತುತ್ತಿದೆ. ಸೂಜಿ ಕೊಡಿ."

ಅವಳು ಇದನ್ನು ಮಾಡಿದ್ದು ರಬ್ಬರ್ ಗೊಂಬೆಯ ಮೇಲೆ ಮಾತ್ರ. ಕಂಕುಳಿನ ಕೆಳಗೆ ಪಕ್ಕೆಲುಬು ಎಣಿಸಿ, ಎಲುಬಿನ ಮೇಲಂಚಿಗೆ ಸೂಜಿ ಚುಚ್ಚಿದಳು. ಗಾಳಿ ಬರಲಿಲ್ಲ.

ನರ್ಸು ಇನ್ನೊಂದನ್ನು ಕೈಗಿಟ್ಟರು. "ದಪ್ಪ ಮೈ, ಅದು ಒಳಗೆ ಮುಟ್ಟಿಲ್ಲ. ಉದ್ದದ್ದು ತಗೊಳ್ಳಿ."

ಈ ಸಲ ಬುಸ್ ಅಂತ ಗಾಳಿ ಹೊರಬಿತ್ತು. ಸ್ವಲ್ಪ ಹೊತ್ತಿಗೆ ಬಿಪಿ ನೂರು ದಾಟಿತು. ಸೂಜಿಯಿಂದ ಸಿಕ್ಕಿದ್ದು ಒಂದಿಷ್ಟು ಪುರುಸೊತ್ತು ಅಷ್ಟೆ. ಕೂಡಲೇ ಎದೆಯ ಪಕ್ಕಕ್ಕೆ ನಳಿಕೆ ಇಳಿಸಿ, ಅದರ ತುದಿಯನ್ನು ನೀರಿನ ಬಾಟಲಿಗೆ ಜೋಡಿಸಿದಳು. ನೀರಿನಲ್ಲಿ ಗುಳ್ಳೆ ಏಳತೊಡಗಿದ ಮೇಲೆ ಎಕ್ಸ್‌ರೇಗೆ ಬರೆದಳು. ಅದರಲ್ಲಿ ಎರಡು ಪಕ್ಕೆಲುಬು ಮುರಿದದ್ದು ಕಂಡಿತು.

ಭಾವ ಅರ್ಧ ಹೊಲಿದ ಹಣೆ ಹಿಡಿದುಕೊಂಡೇ ಮಂಚದ ಹತ್ತಿರ ಬಂದ. "ಇವನಿಗೇನಾದ್ರೂ ಆಗಿದ್ದಿದ್ರೆ ಹೆಂಡತಿಗೆ ಹೇಗೆ ಮುಖ ತೋರಿಸ್ತಿದ್ದೆ?" ಅಂದ, ತನಗೆ ತಾನೇ ಹೇಳಿಕೊಂಡ ಹಾಗೆ.

ಆ ಹೆಂಡತಿ ಸಂಜೆಗೆ ಬಂದಳು. ತಮ್ಮನ ತಲೆ ಸವರಿದವಳೇ ಶುರು ಮಾಡಿದಳು: "ನೋಯ್ತಿದೆ ಅಂತ ಬಾಯಿ ಬಿಟ್ಟು ಹೇಳೋಕೆ ನಿನಗೇನೋ ಧಾಡಿ? ಇವರ ಬಾಯಲ್ಲಿ ಅರ್ಧ ನಿನಗಿದ್ದಿದ್ರೆ ಸಾಕಿತ್ತು!"

"ನಗಿಸ್ಬೇಡ ಅಕ್ಕಾ," ಅಂದ ದರ್ಜಿ, ಪಕ್ಕೆ ಹಿಡಿದುಕೊಂಡು.

ಐದನೇ ದಿನ ನಳಿಕೆ ತೆಗೆದರು. ಮರುದಿನ ಮಧ್ಯಾಹ್ನ ಅಕ್ಕ ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು.