ಕೊಂಬಿಲ್ಲದ ತಾಟು

ಬೂದಿಯಲ್ಲಿ ಅದ್ದಿದ ತೆಂಗಿನ ನಾರು ನನ್ನ ಅಂಚಿನ ಮೇಲೆ ಗರಗರ ಓಡುತ್ತಿತ್ತು. ಎಡಕ್ಕೆ ಮುಸುರೆಯ ರಾಶಿ, ಬಲಕ್ಕೆ ತೊಳೆದು ಬೋರಲು ಹಾಕಿದ ಸಾಲು, ನಡುವೆ ನಾನು. ಓಣಿಯ ಸಮುದಾಯ ಭವನದಲ್ಲಿ ಮದುವೆಯ ಊಟ ಮುಗಿದಿತ್ತು. ಹಿಂದಿನ ನಳದ ಹತ್ತಿರ ವಿಶ್ವವಿದ್ಯಾಲಯದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಕುಕ್ಕರಗಾಲಲ್ಲಿ ಕೂತು ಮುಸುರೆ ತಿಕ್ಕುತ್ತಿದ್ದರು. ನಾನು ಸಬೀಹಾ ಎಂಬ ಹುಡುಗಿಯ ಕೈಯಲ್ಲಿದ್ದೆ. ಆ ಕೈ ತಟ್ಟನೆ ನಿಂತಿತು.

“ಮುದಕಪ್ಪಾ, ಇಲ್ಲಿ ಬಾರೋ. ಈ ಅಕ್ಷರದ ಬಾಜೂಕ ಏನೋ ಕೈಗೆ ಹತ್ತಾಕತ್ತೈತಿ.”

“ಅನ್ನದ ಅಗಳ ಇರಬೇಕು, ತಿಕ್ಕು. ಎಮ್ಮೆಸ್ಸಿ ಓದಿದ್ದು ಮತ್ತ ಯಾತಕ್ಕ?” ಎಂದ ಮುದಕಪ್ಪ. ಹೆಸರು ಮುದುಕನದು, ವಯಸ್ಸು ಇಪ್ಪತ್ತೆರಡು.

“ಅಗಳಲ್ಲೋ. ಚುಕ್ಕಿ ಅದಾವು. ಮೂರು.”

ಆ ಮೂರು ಚುಕ್ಕೆ ಯಾರ ಕಣ್ಣಿಗಾದರೂ ಬೀಳಲಿ ಎಂದು ನಾನು ಮೂವತ್ತೆರಡು ವರ್ಷ ಕಾದಿದ್ದೆ. ಮರುದಿನ ವೆಲ್ಡಿಂಗ್ ಅಂಗಡಿಯ ಗ್ರೈಂಡರಿನ ಕಲ್ಲು ನನ್ನ ಅಕ್ಷರಗಳನ್ನೆಲ್ಲ ಅರೆದು ಹಾಕುವುದಿತ್ತು. ಅವುಗಳ ಜೊತೆ ನನಗೊಬ್ಬನಿಗೇ ಗೊತ್ತಿದ್ದ ಒಂದು ಸತ್ಯವೂ ಪುಡಿಯಾಗಿ ಹೋಗುವುದಿತ್ತು. ಅದೇನೆಂದು ಹೇಳಬೇಕಾದರೆ ಹುಟ್ಟಿನಿಂದಲೇ ಶುರು ಮಾಡಬೇಕು.

ನಾನು ಒಂದು ಸ್ಟೀಲಿನ ತಾಟು. ದೊಡ್ಡ ತಗಡಿನ ಹಾಳೆಯೊಂದರಿಂದ ಒಂದೇ ಏಟಿಗೆ ದುಂಡಗೆ ಕತ್ತರಿಸಿಕೊಂಡು ಹೊರಬಿದ್ದೆ. ಇನ್ನೊಂದು ಯಂತ್ರ ಅಂಚು ಮಡಿಸಿತು. ಪಾಲಿಶ್ ಚಕ್ರದ ಮುಂದೆ ಕೂತಿದ್ದವನು ನನ್ನನ್ನು ಮುಖದ ಹತ್ತಿರ ಹಿಡಿದು ನೋಡಿದ. ನಾನು ಕಂಡ ಮೊದಲ ಮನುಷ್ಯ ಅವನೇ. ಬರೀ ಮೂಗು. ಲೋಕ ಅಂದರೆ ಒಂದು ದೊಡ್ಡ ಮೂಗು ಎಂದು ಬಹಳ ದಿನ ತಿಳಿದುಕೊಂಡಿದ್ದೆ.

ಧಾರವಾಡದ ಪೇಟೆಯ ಭಾಂಡೆ ಅಂಗಡಿಯಿಂದ ನಮ್ಮನ್ನು ಐದು ಜನರನ್ನು ಒಟ್ಟಿಗೆ ಕೊಂಡವಳು ನಿಂಬೆವ್ವ. ರೊಟ್ಟಿ ಬಡಿದು ಮಾರಿ ಬದುಕುವವಳು. ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಇದ್ದವಳೆಂದರೆ ತಂಗಿ ದುಂಡವ್ವ. ದುಂಡವ್ವನ ಮಗಳು ಇಂದ್ರವ್ವನ ಮದುವೆಗೆ ಉಡುಗೊರೆಯಾಗಿ ನಾವು ಹೊರಟಿದ್ದೆವು. ನಮ್ಮ ಕಡೆ ಭಾಂಡೆ ಕೊಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಕೊಟ್ಟವರು ಸತ್ತರೂ ಹೆಸರು ಅಡುಗೆಮನೆಯಲ್ಲಿ ಉಳಿಯುತ್ತದೆ.

ನಿಂಬೆವ್ವನಿಗೆ ಆಗ ಅಕ್ಷರ ಬರುತ್ತಿರಲಿಲ್ಲ. ಅದೇ ವಾರ ಮದುವೆಯ ಕಾರ್ಡನ್ನು ಅವಳು ತಲೆಕೆಳಗಾಗಿ ಹಿಡಿದು “ಭಾಳ ಚಂದ ಬರಸೀರಿ” ಅಂದಿದ್ದಳಂತೆ. ಏಳನೇ ಇಯತ್ತೆ ಕಲಿತ ದುಂಡವ್ವ ಎಲ್ಲರೆದುರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ನಗೆ ಅಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆದರೂ ಹೆಸರು ಹಾಕಿಸುವ ಚೀಟಿಯನ್ನು ಅದೇ ತಂಗಿಯ ಕೈಯಲ್ಲಿ ಬರೆಸಿಕೊಂಡು ಬಂದಳು. ಬೇರೆ ಯಾರನ್ನು ಕೇಳಬೇಕು?

ಚೀಟಿ ನನ್ನ ಪಕ್ಕದಲ್ಲೇ ಇತ್ತು. ಹೆಸರು ಹಾಕುವವನು ಅದನ್ನು ಗಟ್ಟಿಯಾಗಿ ಓದಿಕೊಂಡ: “ದೊಡ್ಡವ್ವ ನಿಂಬೆವ್ವ ಕೊಟ್ಟದ್ದು.” ಅವನ ಸಣ್ಣ ಯಂತ್ರ ಜುಂಯ್ ಎಂದು ಹಾಡುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೊರೆಯಿತು. ನಾಲ್ವರಿಗೆ ಮುಗಿಸಿ ಐದನೆಯವನಾದ ನನ್ನನ್ನು ಎತ್ತಿಕೊಂಡ. ‘ದೊಡ್ಡವ್ವ ನಿಂಬೆವ್ವ’ ಆಯಿತು. ‘ಕೆ’ ಆಯಿತು. ಅದರ ಬಲಕ್ಕೆ ಒಂದು ಕೊಂಬು ಸೇರಿದರೆ ‘ಕೊ’. ಕೊಂಬಿನ ಮೂರು ಚುಕ್ಕೆ ಬಿದ್ದವು, ಕರೆಂಟ್ ಹೋಯಿತು. ನಿಂಬೆವ್ವನನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ಅವನು ಚಹಾ ಕುಡಿಯಲು ಎದ್ದುಹೋದ. ಕರೆಂಟ್ ಬಂದಾಗ ಮರಳಿ ಬಂದವನು ಮುಂದಿನ ಅಕ್ಷರಕ್ಕೆ ಸೂಜಿ ಇಟ್ಟ. “ಅಯ್ಯಾ, ನನ್ನ ಕೊಂಬು!” ಎಂದು ಕೂಗಿಕೊಂಡೆ. ತಾಟಿನ ಕೂಗು ಯಾರಿಗೆ ಕೇಳಬೇಕು?

ಮದುವೆಯ ದಿನ ಉಡುಗೊರೆಗಳನ್ನು ಮೈಕಿನಲ್ಲಿ ಓದಿ ಹೇಳುವ ಹೊತ್ತು ಬಂತು. ಗಂಡಿನ ಕಡೆಯ ಹಿರಿಯರೊಬ್ಬರು ಮೇಲೆ ಇದ್ದ ನನ್ನನ್ನೇ ಎತ್ತಿ ಹಿಡಿದರು. “ದೊಡ್ಡವ್ವ ನಿಂಬೆವ್ವ... ಕೆಟ್ಟದ್ದು!”

ಹಂದರಕ್ಕೆ ಹಂದರವೇ ನಕ್ಕಿತು. ನಿಂಬೆವ್ವ ಎದ್ದು ಬಂದು ನನ್ನನ್ನು ಕಿತ್ತುಕೊಂಡಳು.

“ನನಗ ಓದಾಕ ಬರಂಗಿಲ್ಲಂತ ಹಿಂಗ ಬರದ್ಯೇನ ದುಂಡೀ?”

“ಅಕ್ಕಾ, ನಿನ್ನ ಆಣಿ. ನಾ ಕೊಟ್ಟದ್ದು ಅಂತನ ಬರದೀನಿ.”

“ಮ್ಯಾಲೆ ಆಣಿ ಬ್ಯಾರೆ!”

ಅಷ್ಟೇ. ಅಲ್ಲಿಂದ ಅಕ್ಕತಂಗಿಯರ ಮಾತು ನಿಂತಿತು. ನನ್ನ ನಾಲ್ವರು ಒಡಹುಟ್ಟಿದವರನ್ನು, ಜಗಳದ ತಾಟು ಎಂದು, ಇಂದ್ರವ್ವನ ಅತ್ತೆ ಅರಿವೆಯಲ್ಲಿ ಗಂಟುಕಟ್ಟಿ ಅಟ್ಟಕ್ಕೆ ಎಸೆದಳು. ಆ ಗಂಟನ್ನು ಯಾರೂ ಬಿಚ್ಚಲಿಲ್ಲ. ಬಿಚ್ಚಿದ್ದರೆ ಅಂದೇ ಎಲ್ಲ ತಿಳಿಯುತ್ತಿತ್ತು.

ನಿಂಬೆವ್ವ ನನ್ನನ್ನು ಎಸೆಯಲಿಲ್ಲ. ದಿನಾಲೂ ನನ್ನಲ್ಲೇ ಉಂಡಳು. “ಮರೀಬಾರದು, ಅದಕ್ಕ” ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಆದರೆ ಅಕ್ಷರವಿದ್ದ ಅಂಚನ್ನು ಆಚೆ ತಿರುಗಿಸಿ ಇಟ್ಟುಕೊಳ್ಳುತ್ತಿದ್ದಳು. ತೊಳೆಯುವಾಗ ಆ ಬದಿಗೆ ನೀರು ಸುರಿಯುತ್ತಿದ್ದಳೇ ಹೊರತು ಬೆರಳು ತಾಗಿಸುತ್ತಿರಲಿಲ್ಲ. ಮೂರು ಚುಕ್ಕೆಗಳ ಮೇಲೆ ಜಿಡ್ಡು ಕೂತು ಕಲ್ಲಾಯಿತು.

ಇಂದ್ರವ್ವನ ಮದುವೆಯಾದ ಮೂರನೇ ವರ್ಷ ದೊಡ್ಡವರಿಗೆ ಅಕ್ಷರ ಕಲಿಸುವ ವರ್ಗ ಓಣಿಯಲ್ಲಿ ತೆರೆಯಿತು. ನಿಂಬೆವ್ವ ಹಿಟ್ಟಿನ ಕೈಯಲ್ಲೇ ಹೋಗಿ ಕೂತಳು. ಅಆಇಈ ಮುಗಿದು ಕಾಗುಣಿತ ಬಂದಿತು. ಎಲ್ಲ ಬಂದ ಮೇಲೆ ಒಂದು ದಿನ ನನ್ನನ್ನು ಬಾಗಿಲ ಬೆಳಕಿಗೆ ಹಿಡಿದು ತಾನೇ ಓದಿದಳು. ‘ಕೆ... ಟ್ಟ... ದ್ದು.’ ಅಷ್ಟು ಕಷ್ಟಪಟ್ಟು ಕಲಿತ ಅಕ್ಷರ ಅವಳಿಗೆ ಮೊದಲು ಹೇಳಿದ ಮಾತೇ ಅದು. ಅಂದೇ ಒಂದು ಇನ್‌ಲ್ಯಾಂಡ್ ಪತ್ರ ತಂದು, ಸವದತ್ತಿಗೆ ಹೋಗಿ ನೆಲೆಸಿದ್ದ ತಂಗಿಗೆ ಒಂದೇ ಸಾಲು ಬರೆದಳು: ‘ತಂಗೀ, ನೀ ಬರದದ್ದು ಕೆಟ್ಟದ್ದು.’ ವಿಳಾಸವನ್ನೂ ಬರೆದಳು. ಹಾಕಲಿಲ್ಲ. ನಾಳೆ ಹಾಕಿದರಾಯಿತು ಎಂದು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು. ಉತ್ತರದಲ್ಲಿ ತಂಗಿ ‘ಹೌದು’ ಎಂದು ಬರೆದುಬಿಟ್ಟರೆ ಎಂಬ ಅಂಜಿಕೆ ಅವಳಿಗೆ ಇತ್ತೆಂದು ನನಗೆ ಅನಿಸುತ್ತದೆ. ಡಬ್ಬಿಗಳು ಬದಲಾದವು, ಪತ್ರ ಅಲ್ಲೇ ಉಳಿಯಿತು.

ಹೀಗೆ ನನ್ನ ಹೊಳಪು ಹೋಗಿ, ನಿಂಬೆವ್ವನ ಹಲ್ಲು ಹೋಗಿ, ಇನ್ನೇನು ಗುಜರಿಯೇ ಗತಿ ಎಂದುಕೊಂಡಿದ್ದಾಗ ಆ ಮಕ್ಕಳು ಬಂದರು.

ವಿಶ್ವವಿದ್ಯಾಲಯದ ಗುಡ್ಡದ ಕೆಳಗೇ ನಮ್ಮ ಓಣಿ. ಮದುವೆ, ಸೀಮಂತ, ತಿಥಿ ಏನೇ ಆದರೂ ಉಂಡ ಥರ್ಮಾಕೋಲ್ ತಾಟುಗಳೆಲ್ಲ ಹಿಂದಿನ ಹಳ್ಳಕ್ಕೆ ಬೀಳುತ್ತಿದ್ದವು. ದನ ತಿನ್ನುತ್ತಿದ್ದವು. ಬೆಂಕಿ ಹಚ್ಚಿದರೆ ಮೂರು ದಿನ ಕಣ್ಣುರಿ. ಮಕ್ಕಳು ಕಟ್ಟಿಕೊಂಡ ಸಂಘದ ಹೆಸರು ‘ಮತ್ತೊಮ್ಮೆ ಬಳಗ’. ಸಬೀಹಾ ಬಾಗಿಲಲ್ಲಿ ನಿಂತು ಪಾಠ ಒಪ್ಪಿಸಿದಳು: “ಅಜ್ಜೀ, ನಾವು ಸುಸ್ಥಿರ ಅಭಿವೃದ್ಧಿ ಸಲುವಾಗಿ ಬಂದೇವ್ರಿ.”

“ಸುಸ್ತ ಆಗೋ ಅಭಿವೃದ್ಧಿ ಏನ? ಅದಂತೂ ನನಗ ಆಗೇ ಐತಿ ಬಿಡವ್ವಾ.”

ಮುದಕಪ್ಪ ನಗುತ್ತ ಕೂತೇಬಿಟ್ಟ. “ಅಜ್ಜೀ, ಅಷ್ಟ ದೊಡ್ಡ ಮಾತ ಬ್ಯಾಡ. ಇವತ್ತ ನಾವು ಉಂಡ ಮ್ಯಾಲೆ ನಾಳೆ ಬರೋರಿಗೂ ತಾಟ ಉಳೀಬೇಕು, ಹಳ್ಳ ಉಳೀಬೇಕು. ಇಷ್ಟ. ನಿಮ್ಮ ಮನ್ಯಾಗ ಸುಮ್ನ ಕೂತ ತಾಟ ಇದ್ರ ಕೊಡ್ರಿ. ಯಾರ ಮನ್ಯಾಗ ಕಾರ್ಯ ಆದ್ರೂ ಒಯ್ದು, ಉಣಿಸಿ, ತೊಳದು ತಂದು ಇಡೋದು. ತಾಟಿನ ಬ್ಯಾಂಕ್.”

“ತೊಳ್ಯಾವ್ರು ಯಾರು?”

“ನಾವ.”

“ಕಾಲೇಜ ಕಲ್ತವ್ರು ಮುಸುರಿ ತಿಕ್ತೀರಿ?” ಎಂದು ನಿಂಬೆವ್ವ ಅವರ ಕೈಗಳನ್ನು ನೋಡಿದಳು. ಅಂದೇನೂ ಕೊಡಲಿಲ್ಲ. ಆರು ತಿಂಗಳು ಸುಮ್ಮನೆ ನೋಡುತ್ತ ಕೂತಳು. ಮಂದಿಯ ಹಳೆ ತಾಟಿನಲ್ಲಿ ಉಣ್ಣಬೇಕೇನು ಎಂದು ಮೂಗು ಮುರಿದವರೇ ಒಬ್ಬೊಬ್ಬರಾಗಿ ಬ್ಯಾಂಕಿನ ಬಾಗಿಲಿಗೆ ಹೋದದ್ದನ್ನು ಕಂಡಳು. ಹಳ್ಳದಲ್ಲಿ ನೀರಿನ ತಳ ಕಾಣುವುದನ್ನೂ ಕಂಡಳು. ಒಂದು ಮುಂಜಾನೆ ನನ್ನನ್ನು ಸಬೀಹಾಳ ಕೈಗೆ ಇಟ್ಟಳು.

“ಇದನ್ನ ಒಯ್ಯವ್ವಾ. ಆದ್ರ ಮೊದ್ಲ ಈ ಅಕ್ಷರ ತಿಕ್ಕಿಸಿ ತಗಿಸು. ಅದು ಇರೂತನಕ ಯಾರೂ ಇದರಾಗ ಉಣಬಾರ್ದು.”

“ನಾವು ಹೆಸರ ತಗಿಯಂಗಿಲ್ರಿ ಅಜ್ಜಿ. ಅದು ನಮ್ಮ ನೇಮ.”

“ಈ ಒಂದಕ್ಕ ಮುರೀರಿ. ನಾ ಸತ್ತ ಮ್ಯಾಲೆ ಈ ಮಾತು ಉಳೀಬಾರ್ದು.”

ಮದುವೆಯ ಹಂದರದಲ್ಲಿ ತಂಗಿಯ ಜೊತೆ ಆದ ಜಗಳವನ್ನೂ ಹೇಳಿಕೊಂಡಳು. ಸೋಮವಾರ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತೇವೆ ಎಂದು ಮಾತು ಕೊಟ್ಟು ನನ್ನನ್ನು ಬ್ಯಾಂಕಿನ ಕಪಾಟಿನಲ್ಲಿ ಬೇರೆಯಾಗಿ ಇಟ್ಟರು.

ಆ ಕಪಾಟನ್ನು ನೋಡಿ ನಾನು ಬೆರಗಾದೆ. ನಾಲ್ಕುನೂರು ತಾಟು! ಒಂದೊಂದರ ಅಂಚಿನಲ್ಲೂ ಒಬ್ಬೊಬ್ಬರ ಹೆಸರು. ಸೋದರಮಾವ ಫಕೀರಪ್ಪ, ಗೆಳತಿ ಹಸೀನಾ, ಬಸ್ ಡಿಪೋದ ಮಿತ್ರರು. ಅವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಒಮ್ಮೆ ಪಂಕ್ತಿಯಲ್ಲಿ ಕೂತ ಮುದುಕರೊಬ್ಬರು ತಮ್ಮ ಮುಂದಿನ ತಾಟಿನಲ್ಲಿ ತೀರಿಹೋದ ತಾಯಿಯ ಹೆಸರು ಕಂಡು, ಬಡಿಸುವವನ ಕೈ ತಡೆದು, ಅಂಚನ್ನು ಪಂಜೆಯ ತುದಿಯಿಂದ ಒರೆಸಿ, “ಈಗ ಹಾಕಪಾ” ಎಂದರಂತೆ. ಪಕ್ಕದ ತಾಟು ನನಗೆ ಹೇಳಿತು. ಒಲೆಯ ಹಿಂದೆ, ಮಂಚದ ಕೆಳಗೆ ಸತ್ತಂತೆ ಬಿದ್ದಿದ್ದ ನಾವೆಲ್ಲ ಒಂದು ಊರಾಗಿ ಕೂತಿದ್ದೆವು. ನನಗೆ ಮಾತ್ರ ಆ ಊರಿನಲ್ಲಿ ಎರಡು ದಿನದ ಬಾಳು.

ಆದರೆ ಭಾನುವಾರದ ಮದುವೆಗೆ ಒಂದು ತಾಟು ಕಡಿಮೆ ಬಿತ್ತು. ಅವಸರದಲ್ಲಿ ಯಾರೋ ನನ್ನನ್ನೂ ಎತ್ತಿಕೊಂಡು ಓಡಿದರು. ಉಂಡವರು ಎದ್ದರು, ಬೂದಿಯ ನಾರು ಬಂತು, ಜಿಡ್ಡು ಬಿಟ್ಟಿತು, ಸಬೀಹಾಳ ಹೆಬ್ಬೆರಳು ನಿಂತಿತು.

“ತಡೀ,” ಎಂದಳು ಅವಳು. “ದೊಡ್ಡವ್ವ ನಿಂಬೆವ್ವ. ಈ ಹೆಸರ ಇನ್ನೆಲ್ಲ್ಯೋ ನೋಡೀನಿ. ಹೋದ ತಿಂಗಳ ಇಂದ್ರವ್ವ ಅನ್ನಾವ್ರು ಅಟ್ಟದ ಗಂಟ ಹಂಗ ತಂದು ಕೊಟ್ಟಿದ್ರಲಾ?”

ಅವಳು ಎದ್ದು ತೊಳೆದ ಸಾಲನ್ನು ಒಂದೊಂದಾಗಿ ತಿರುವಿದಳು. ನಾಲ್ಕನ್ನು ತಂದು ಕಲ್ಲಿನ ಮೇಲೆ ನನ್ನ ಪಕ್ಕ ಸಾಲಾಗಿ ಇಟ್ಟಳು. ಮೂವತ್ತೆರಡು ವರ್ಷದ ಮೇಲೆ ನಾವು ಐವರೂ ಕೂಡಿದ್ದೆವು. ಅಟ್ಟದಲ್ಲಿದ್ದ ಅವರು ಇನ್ನೂ ಹೊಸದರಂತೆ ಹೊಳೆಯುತ್ತಿದ್ದರು. ನಾನೊಬ್ಬನೇ ಮುದುಕ.

ಮುದಕಪ್ಪ ಬಗ್ಗಿ ಓದಿದ. “ಕೊಟ್ಟದ್ದು, ಕೊಟ್ಟದ್ದು, ಕೊಟ್ಟದ್ದು, ಕೊಟ್ಟದ್ದು... ಕೆಟ್ಟದ್ದು. ಲೇ, ಬರದಿದ್ದು ಸರೀನ ಐತಿ! ಕೊಂಬ ಹೊಡಿಯೂ ಹೊತ್ತಿಗೆ ಕರೆಂಟ್ ಹೋಗೈತಿ ನೋಡ, ಬೇಕಾದ್ರ ಶರ್ತು.”

ನನ್ನ ಮೈಯೆಲ್ಲ ಜುಮ್ಮೆಂದಿತು. ಬಾಯಿಲ್ಲದವನ ಮಾತನ್ನು ಬೆರಳಿನಿಂದ ಕೇಳುವ ವಿದ್ಯೆಯನ್ನು ಈ ಮಕ್ಕಳಿಗೆ ಯಾರು ಕಲಿಸಿದರು?

ಸೋಮವಾರ ನಿಂಬೆವ್ವ ತಾನೇ ಬಂದಳು, ಅಕ್ಷರ ತೆಗೆಸಿದರೋ ಇಲ್ಲವೋ ನೋಡಲು. ವಿಶ್ವವಿದ್ಯಾಲಯದ ಗೇಟಿನ ಪಕ್ಕದ ಬಳಗದ ಕೋಣೆಯಲ್ಲಿ, ಮೇಜಿನ ಮೇಲೆ ನಾವು ಐವರೂ ಇದ್ದೆವು. ಸಬೀಹಾ ಅಜ್ಜಿಯ ತೋರುಬೆರಳನ್ನು ಹಿಡಿದು ಒಂದೊಂದರ ಅಂಚಿನ ಮೇಲೂ ನಡೆಸಿದಳು. ಕೊನೆಗೆ ನನ್ನ ಮೂರು ಚುಕ್ಕೆಗಳ ಮೇಲೆ ಇಟ್ಟು ಬಿಟ್ಟಳು.

ನಿಂಬೆವ್ವ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

“ಅವತ್ತ ಅಂಗಡ್ಯಾಗ ಕರೆಂಟ್ ಹೋಗಿತ್ತು, ಅದಕ್ಕೇನ?” ಎಂದಳು ಕಡೆಗೆ, ಸಣ್ಣ ದನಿಯಲ್ಲಿ.

“ಹಂಗ ಕಾಣ್ತೈತ್ರಿ ಅಜ್ಜಿ,” ಎಂದ ಮುದಕಪ್ಪ.

“ದಿನಾ ಇದರಾಗ ಉಂಡೆ. ಒಮ್ಮೆರ ಬೆರಳ ಆಡಿಸಿ ನೋಡ್ಲಿಲ್ಲಲ್ಲ... ದುಂಡಿ ನನ್ನ ಆಣಿ ಇಟ್ಟಿದ್ಲು. ಖರೇ ಆಣಿ.”

“ಫೋನ್ ಹಚ್ಚಲೇನ್ರಿ? ಇಂದ್ರವ್ವಾರ ಕಡೆ ನಂಬರ್ ಇರತೈತಿ.”

“ಆಕಿ ಕಿವಿ ಹೋಗ್ಯಾವಂತ. ಕಣ್ಣ ಇನ್ನೂ ಅದಾವು.” ಅವಳು ಎದ್ದಳು. “ಇಲ್ಲೇ ಇರ್ರಿ, ಬಂದೆ.”

ಬರುವಾಗ ಅವಳ ಕೈಯಲ್ಲಿ ಆ ಇನ್‌ಲ್ಯಾಂಡ್ ಪತ್ರವಿತ್ತು. ಹಳದಿಯಾಗಿ, ಹಿಟ್ಟಿನ ವಾಸನೆ ಹಿಡಿದಿತ್ತು. ಸಬೀಹಾ, “ಹೊಸಾ ಹಾಳಿ ಕೊಡ್ತೀನ್ರಿ” ಎಂದರೆ, “ಬ್ಯಾಡವ್ವಾ. ತಪ್ಪು ಎಲ್ಲಿ ಆಗೈತೋ ಅಲ್ಲೇ ತಿದ್ದಬೇಕು” ಎಂದಳು. ಕುರ್ಚಿಯಲ್ಲಿ ಕೂತು ನನ್ನನ್ನು ತೊಡೆಯ ಮೇಲೆ ಬೋರಲು ಹಾಕಿ, ನನ್ನ ಬೆನ್ನಿನ ಮೇಲೆ ಪತ್ರ ಹರಡಿದಳು. ಪೆನ್ನು ‘ಕೆ’ಯ ಬಲಕ್ಕೆ ಬಂದು ನಿಂತಿತು. ಒತ್ತಿ ಒಂದು ಕೊಂಬು ಎಳೆಯಿತು. ಕಾಗದದ ಆಚೆಯಿಂದ ಅದು ನನ್ನ ಬೆನ್ನಿಗೆ ತಾಗಿತು. ಹುಟ್ಟಿದಾಗ ನನಗೆ ಸಿಗದೇ ಹೋದದ್ದು ಆ ಕೊಂಬೇ.

‘ತಂಗೀ, ನೀ ಬರದದ್ದು ಕೊಟ್ಟದ್ದು.’

ಕೆಳಗೆ ಇನ್ನೊಂದೇ ಅಕ್ಷರ ಬರೆದಳು. ‘ಬಾ.’

ಇಷ್ಟು ವರ್ಷ ಜನರ ಮುಖವನ್ನು ನಾನು ಕೆಳಗಿನಿಂದಲೇ ನೋಡಿದವನು. ಉಣ್ಣುವಾಗ ಎಲ್ಲರೂ ನನ್ನ ಮೇಲೆ ಬಾಗುತ್ತಾರೆ. ಸಿಟ್ಟಿನಲ್ಲಿ ಉಂಡವರನ್ನೂ ಕಣ್ಣೀರಿನಲ್ಲಿ ಉಂಡವರನ್ನೂ ಕಂಡಿದ್ದೇನೆ. ನಿಂಬೆವ್ವನ ಈ ಮುಖವನ್ನು ಕಂಡಿರಲಿಲ್ಲ. ಬೋರಲಾಗಿದ್ದರಿಂದ ಅಂದೂ ಕಾಣಲಿಲ್ಲ. ನನ್ನ ಬೆನ್ನಿನ ಮೇಲೆ ಒಂದು ಬಿಸಿ ಹನಿ ಬಿದ್ದದ್ದು ಮಾತ್ರ ಗೊತ್ತು.

ಪತ್ರದ ಅಂಟು ಎಂದೋ ಒಣಗಿ ಉದುರಿತ್ತು. ಮುದಕಪ್ಪ ತನ್ನ ಬುತ್ತಿಯಿಂದ ನಾಲ್ಕು ಅನ್ನದ ಅಗಳು ತೆಗೆದುಕೊಟ್ಟ. ನಿಂಬೆವ್ವ ಅವನ್ನು ಹಿಸುಕಿ ಅಂಚಿಗೆ ಮೆತ್ತಿ ಮುಚ್ಚಿದಳು. “ಕೊಡ್ರಿ ಅಜ್ಜಿ, ಟಿಕೀಟ ಹಚ್ಚಿ ನಾ ಹಾಕಿ ಬರ್ತೀನಿ,” ಎಂದ.

“ಟಿಕೀಟ ಹಚ್ಚು. ಹಾಕೋದು ನಾನ.”

ನನ್ನ ಅಕ್ಷರಗಳನ್ನು ಆಮೇಲೆ ಯಾರೂ ಅರೆಯಲಿಲ್ಲ. ಕೊಂಬಿಲ್ಲದೆಯೇ ಪಂಕ್ತಿಗೆ ಹೋಗುತ್ತೇನೆ. ಓದಿ ನಗುವವರಿಗೆ ಬಡಿಸುವ ಮಕ್ಕಳು ನನ್ನ ಕಥೆ ಹೇಳುತ್ತಾರೆ, ನಕ್ಕವರು ಬೆರಳಾಡಿಸಿ ಚುಕ್ಕೆ ಎಣಿಸುತ್ತಾರೆ. ಆದರೆ ಅಂದಿನ ಆ ನಡಿಗೆ ನನಗೆ ಎಲ್ಲಕ್ಕಿಂತ ದೊಡ್ಡದು. ನಿಂಬೆವ್ವ ನನ್ನನ್ನು ಮೇಜಿನ ಮೇಲೆ ಇಡುವುದನ್ನು ಮರೆತು ಕಂಕುಳಲ್ಲಿ ಹಿಡಿದುಕೊಂಡೇ ಹೊರಟಳು. ಗೇಟಿನ ಹತ್ತಿರ ಕೆಂಪು ಡಬ್ಬಿ. ಅದರ ಬಾಯಿಗೆ ಪತ್ರ ಇಟ್ಟು ಒಂದು ಗಳಿಗೆ ಹಿಡಿದೇ ನಿಂತಳು. ಆಮೇಲೆ ಬಿಟ್ಟಳು.

ಒಳಗೆ ತಳದಲ್ಲಿ, ಟಪ್ ಎಂದಿತು.