ಜಮಖಾನನ ಹಾಸುಬಟ್ಟೆ

ನಾಯಿಗಳ ತುರಿಕೆಗೆ ನನ್ನನ್ನು ಕಂಡರೆ ಭಯ. ನಾನು ಬೀದಿಯ ಈ ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡರೆ ಸಾಕು, ಆ ತುದಿಯಲ್ಲಿ ಕೆರೆದುಕೊಳ್ಳುತ್ತಿರುವ ನಾಯಿ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಯೋಚನೆಗೆ ಬೀಳುತ್ತದೆ: ‘ಅರೆ, ಈಗ ತಾನೇ ಕಡೀತಿತ್ತಲ್ಲ, ಎಲ್ಲಿ ಹೋಯ್ತು?’ ಇನ್ನು ಉಣ್ಣೆಗಳು ನನ್ನ ಚಪ್ಪಲಿ ಸದ್ದಿಗೇ ಗಂಟುಮೂಟೆ ಕಟ್ಟುತ್ತವೆ. ನಂಬದವರು ನನ್ನ ಲಾಂಡ್ರಿಗೆ ಬಂದು ಜಮಖಾನನನ್ನು ನೋಡಿಕೊಂಡು ಹೋಗಲಿ.

ಜಮಖಾನ ಎಂದರೆ ನಾಯಿ. ಮಲಗಿದರೆ ಬಾಗಿಲ ಅಗಲಕ್ಕೂ ಹಾಸಿಕೊಳ್ಳುತ್ತಾನಾದ್ದರಿಂದ ಆ ಹೆಸರು. ಊಟ ಹಾಕುವವಳು ನನ್ನ ಹೆಂಡತಿ, ಮೀಸೆ ತಿರುವುವವನು ನಾನು. ಆದರೆ ಅವನು ನಿಜವಾಗಿ ಮಾವನವರ ನಾಯಿ. ಬಸ್ಸು ಓಡಿಸಿ ನಿವೃತ್ತರಾದ ಮಾವ ನಮ್ಮ ಜೊತೆಯಲ್ಲೇ ಇದ್ದಾರೆ. ದಿನಕ್ಕೆ ಇಷ್ಟೇ ಮಾತು ಎಂದು ಅಳೆದಿಟ್ಟುಕೊಂಡಂತೆ ಮಾತಾಡುವ ಮನುಷ್ಯ. ಇದ್ದಬದ್ದ ಮಾತೆಲ್ಲ ನಾಯಿಯ ಪಾಲು. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರೆಂದರೆ ಯಾವ ಬಸ್ಸಿನ ಬ್ರೇಕು ಹೇಗೆ ಕಿರುಚುತ್ತಿತ್ತು ಎನ್ನುವುದರವರೆಗೆ ಮಾತು ಹೋಗುತ್ತದೆ.

ನಮ್ಮ ಮನೆಯ ಮುಂಭಾಗವೇ ಅಂಗಡಿ, ಹಿಂದೆ ಹಿತ್ತಿಲು, ಬೇಲಿಯಾಚೆ ಯಾರೂ ಮನೆ ಕಟ್ಟದ ಖಾಲಿ ಸೈಟು. ಹಿತ್ತಿಲ ಈ ಕೊನೆಯಿಂದ ಆ ಕೊನೆಗೆ ನನ್ನ ಹಗ್ಗಗಳು. ‘ಇಲ್ಲಿ ಬಟ್ಟೆ ಒಣಗುವುದು ಬಯಲು ಗಾಳಿಯಲ್ಲಿ’ ಎಂದು ಬೋರ್ಡಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದೇನೆ. ನಾನು ಒಣಗಿಸಿದ ಅಂಗಿ ತೊಟ್ಟರೆ ಶೀತವಾದವನ ಮೂಗೂ ತೆರೆದುಕೊಳ್ಳುತ್ತದೆ.

ಆ ಖಾಲಿ ಸೈಟಿನ ಹುಲ್ಲು ಸೊಂಟದೆತ್ತರ ಬೆಳೆದು ಹೂಬಿಡುವ ಕಾಲಕ್ಕೇ ಜಮಖಾನನಿಗೆ ತುರಿಕೆ ಶುರುವಾಗುತ್ತದೆ. ಪಾದ ನೆಕ್ಕುತ್ತಾನೆ, ಹೊಟ್ಟೆಯನ್ನು ನೆಲಕ್ಕೆ ಉಜ್ಜುತ್ತಾನೆ, ಕಿವಿಯ ಒಳಗೆಲ್ಲ ಕೆಂಪು. ಈ ಸಲ ಅವನು ಕೆರೆದುಕೊಂಡ ಹೊಡೆತಕ್ಕೆ ಅಡುಗೆಮನೆಯ ಲೋಟಗಳು ಶೆಲ್ಫಿನಿಂದ ಇಳಿದು ಬಂದವು. ಪಕ್ಕದ ಮನೆಯವರು ಭೂಕಂಪವೆಂದು ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದರು. ಹೊಟ್ಟೆಯ ಮೇಲೆ ಗಾಯಗಳೂ ಆದವು.

“ರೀ, ಈ ಮೂಕಪ್ರಾಣಿ ಒದ್ದಾಡೋದನ್ನ ನಂಗೆ ನೋಡಕ್ಕಾಗಲ್ಲ,” ಎಂದಳು ಹೆಂಡತಿ. “ತಂಗಿ ಬರ್ತಿದ್ದಾಳೆ. ಅಷ್ಟರೊಳಗೆ ಗುಣ ಆಗ್ಲಿಲ್ಲ ಅಂದ್ರೆ ಅವಳ ಜೊತೆ ಕಳಿಸ್ಬಿಡೋಣ. ಸಮುದ್ರದ ಪಕ್ಕದ ಮನೆ. ಸುತ್ತ ಬರೀ ಮರಳು, ಹುಲ್ಲಿನ ಕಾಟ ಇಲ್ಲ.”

ಮಾವ ಎದ್ದುಹೋಗಿ ನಾಯಿಯ ಕೊರಳಪಟ್ಟಿಗೆ ಎಣ್ಣೆ ಸವರುತ್ತ ಕೂತರು. ಪ್ರಯಾಣಕ್ಕೆ ಹೊರಡಿಸುವಾಗಲೇ ಅವರು ಹಾಗೆ ಮಾಡುವುದು.

ನಾಯಿ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ಕಿವಿ ನೋಡಿ, ಕೂದಲು ಬಿಡಿಸಿ, ಉಣ್ಣೆ ಹುಡುಕಿ, ಕಡೆಗೆ ಹೇಳಿದರು: “ಇದು ಹುಲ್ಲಿನ ಹೂವಿನ ಪುಡಿಗೆ ಆಗೋ ಅಲರ್ಜಿ. ಬೇರುಸಹಿತ ಕೀಳೋ ಔಷಧ ಇಲ್ಲ. ಹತೋಟೀಲಿಡಬೇಕು, ಅಷ್ಟೆ. ಹೊರಗೆ ಹೋಗಿ ಬಂದಾಗೆಲ್ಲ ಪಾದ, ಹೊಟ್ಟೆ ಒದ್ದೆ ಬಟ್ಟೇಲಿ ಒರೆಸಿ, ಬೆರಳ ಸಂದಿ ಒಣಗಿಸಿ. ಈ ಶಾಂಪೂ ಹಚ್ಚಿ ನೊರೆ ಸ್ವಲ್ಪ ಹೊತ್ತು ಬಿಟ್ಟು ತೊಳೀರಿ. ಮಾತ್ರೆ ನಾನು ಹೇಳಿದಷ್ಟೇ. ನೀವು ಹಚ್ಕೊಳ್ಳೋ ಮುಲಾಮು ಹಚ್ಬೇಡಿ, ನೆಕ್ಕಿಬಿಡತ್ತೆ. ಮತ್ತೆ, ಮಲಗೋ ಬಟ್ಟೆ ಆಗಾಗ ಒಗೀಬೇಕು.”

ಒಗೆಯುವುದು! ಅದೂ ನನಗೆ ಹೇಳುವುದು! ಮೀನಿಗೆ ಈಜು ಕಲಿಸಲು ಬಂದ ಹಾಗಾಯಿತು.

ಒರೆಸುವುದು, ಮೀಯಿಸುವುದು, ಮಾತ್ರೆ ನುಂಗಿಸುವುದು ಮಾವನ ಪಾಲಿಗೆ ಬಂತು. ಹಾಸುಬಟ್ಟೆ ನನ್ನದು. ದಿನವೂ ಒಗೆದೆ. ನಾನು ಒಗೆದ ಹೊಳಪಿಗೆ ಹಾರುವ ಹಕ್ಕಿಗಳು ಕಣ್ಣು ಮುಚ್ಚಿಕೊಂಡು ಒಂದಕ್ಕೊಂದು ಡಿಕ್ಕಿ ಹೊಡೆದವು. ಆದರೂ ನಾಯಿಯ ಪಾದದ ಕೆಂಪು ಇಳಿದಂತೆ ಹೊಟ್ಟೆಯದು ಇಳಿಯಲಿಲ್ಲ. ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ: ಇಸ್ತ್ರಿ. ಒಣಗಿದ ಹಾಸುಬಟ್ಟೆಯ ಮೇಲೆ ಕೆಂಡದಂಥ ಇಸ್ತ್ರಿ ಎಳೆದು, ಮದುವೆಯ ಅಂಗಿಯಂತೆ ಮಡಿಕೆ ಹಾಕಿಟ್ಟೆ. ಸ್ವಲ್ಪ ದಿನಕ್ಕೇ ತುರಿಕೆ ಇಳಿಯಿತು. ಗಾಯದ ಮೇಲೆ ಕೂದಲು ಚಿಗುರಿತು. ಜಮಖಾನ ಮತ್ತೆ ಬಾಗಿಲಗಲ ಹಾಸಿಕೊಂಡ.

“ಬರೀ ಇಸ್ತ್ರಿ!” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಕೇಳಿದವರಲ್ಲಿ ಒಬ್ಬರು ತಮ್ಮ ಬೆಕ್ಕಿಗೂ ಇಸ್ತ್ರಿ ಹಾಕಿಸಬಹುದಾ ಎಂದರು.

ನಾದಿನಿ ಬಂದಳು. ಕಾರು ಬಾಗಿಲಲ್ಲಿ ನಿಂತಿತು. ಮಾವನ ಕಾಲ ಬಳಿ ಸುಮ್ಮನೆ ಮಲಗಿದ್ದ ನಾಯಿಯನ್ನು ನೋಡಿ, “ಏನಕ್ಕಾ, ಇವನು ಆರಾಮಾಗೇ ಇದ್ದಾನಲ್ಲ?” ಎಂದಳು.

ಅಲ್ಲಿಗೇ ಬಿಡಬೇಕಿತ್ತು. ಬಿಟ್ಟರೆ ನಾನು ನಾನಾಗಿರುವುದು ಹೇಗೆ?

“ಆರಾಮಾಗಿರದೆ ಇನ್ನೇನು? ನನ್ನ ಕೈಚಳಕ ನೋಡು ಬಾ,” ಎಂದು ಆಗ ತಾನೇ ಹಗ್ಗದಿಂದ ತೆಗೆದು ಇಸ್ತ್ರಿ ಮಾಡಿದ ಹಾಸುಬಟ್ಟೆ ತಂದೆ. ಮಾವ ಅರ್ಧ ಎದ್ದು, “ಅಳಿಯಂದ್ರೇ, ಅದು ಬೇಡ,” ಎಂದರು. ನಾನು ಕೇಳುವವನೇ? ಹಳೆಯದನ್ನು ಎಳೆದುಹಾಕಿ ಹೊಸದನ್ನು ಹಾಸಿದೆ. ಜಮಖಾನ ಮರ್ಯಾದೆಯಿಂದ ಅದರ ಮೇಲೆ ಹೊರಳಿದ.

ಕಾಫಿ ಕುಡಿದು ಮುಗಿಯುವುದರೊಳಗೆ ಅವನು ಎದ್ದು ಕೂತ. ಹೊಟ್ಟೆ ನೆಕ್ಕಿದ. ಆಮೇಲೆ ಹಿಂಗಾಲೆತ್ತಿ ಶುರುಮಾಡಿದ.

“ಭಾವ, ಇದೇನಾ ಕೈಚಳಕ?” ನಾದಿನಿ ನಕ್ಕಳು.

ಹೆಂಡತಿ ನಗಲಿಲ್ಲ. “ಮತ್ತೆ ಬಂತಲ್ರೀ. ನಾವೇ ಸುಳ್ಳು ಸುಳ್ಳೇ ಗುಣ ಆಯ್ತು ಅಂದ್ಕೊಂಡಿದ್ವು. ಅಪ್ಪಾ, ಆ ಪಟ್ಟಿ ಕೊಡು. ಇವಳ ಜೊತೆ ಹೋಗ್ಲಿ.”

ಮಾವ ಪಟ್ಟಿ ತಂದರು. ಅದನ್ನು ಮಗಳ ಕೈಗೆ ಕೊಡುವ ಬದಲು ತಾವೇ ಬಗ್ಗಿ ನಾಯಿಯ ಕೊರಳಿಗೆ ಹಾಕತೊಡಗಿದರು. ಕೊಂಡಿ ಸಿಕ್ಕಲಿಲ್ಲ. ದೊಡ್ಡ ಬಸ್ಸನ್ನು ಇಕ್ಕಟ್ಟು ತಿರುವುಗಳಲ್ಲಿ ಓಡಿಸಿದ ಕೈಗೆ ಒಂದು ಕೊಂಡಿ ಸಿಕ್ಕಲಿಲ್ಲ. ಆಗಲೂ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ತಮಾಷೆ ಮಾಡಿ ಪಾರಾಗುತ್ತಿದ್ದೆನೋ ಏನೋ.

“ತಡೀರಿ ಮಾವ,” ಎಂದೆ.

ಒಳಗೆ ಹೋಗಿ ಅವರ ಮಂಚದ ಕೆಳಗಿನ ಟ್ರಂಕು ಎಳೆದು ತಂದು ಎಲ್ಲರೆದುರು ಮುಚ್ಚಳ ತೆಗೆದೆ. ನಾನು ಇಸ್ತ್ರಿ ಮಾಡಿದ ಹಾಸುಬಟ್ಟೆಗಳು ಒಂದರ ಮೇಲೊಂದು ಕೂತಿದ್ದವು. ಮಡಿಕೆ ಮುರಿದಿರಲಿಲ್ಲ, ನಾಯಿಯ ಒಂದು ಕೂದಲೂ ಹತ್ತಿರಲಿಲ್ಲ.

“ಇದೇನ್ರೀ?”

“ಜಮಖಾನ ಇದರ ಮೇಲೆ ಮಲಗೇ ಇಲ್ಲ ಕಣೇ. ನನ್ನ ಹಗ್ಗದ ಮೇಲೆ ಒಣಗಿದ ಬಟ್ಟೇಲೆಲ್ಲ ಹುಲ್ಲಿನ ಪುಡಿ. ನಿಮ್ಮಪ್ಪನ ಕಪ್ಪು ಸ್ವೆಟರ್ ಆ ಹಗ್ಗದಿಂದ ಹಳದಿ ಪುಡಿ ಮೆತ್ಕೊಂಡು ಬಂದಾಗ ಅವರಿಗೆ ಗೊತ್ತಾಗಿದೆ. ನನ್ನದನ್ನ ಇಲ್ಲಿ ಬಚ್ಚಿಟ್ಟು, ಬೇರೆ ಬಟ್ಟೆ ತಾವೇ ಬಚ್ಚಲಲ್ಲಿ ಒಗೆದು, ಫ್ಯಾನಿನ ಕೆಳಗೆ ಕುರ್ಚಿ ಮೇಲೆ ಒಣಗಿಸಿ ಹಾಸ್ತಿದ್ದರು. ನಾಯಿ ಗುಣ ಆಗಿದ್ದು ಅದರಿಂದ.”

“ನಿಮಗೆ ಯಾವಾಗ ಗೊತ್ತಾಯ್ತು?” ಹೆಂಡತಿಯ ದನಿ ತಣ್ಣಗಿತ್ತು.

“ಮೊನ್ನೆ ಟ್ರಂಕಲ್ಲಿ ಕೊಡೆ ಹುಡುಕುವಾಗ. ಆ ಸ್ವೆಟರೂ ಅಲ್ಲೇ ಇತ್ತು, ಫ್ಯಾನಿನ ಕೆಳಗೆ ಕುರ್ಚಿ ಮೇಲೆ ಒದ್ದೆ ಹಾಸುಬಟ್ಟೆ ಹರವಿತ್ತು.”

“ಆಮೇಲೂ ಇಸ್ತ್ರಿ ಇಸ್ತ್ರಿ ಅಂತ ಕೊಚ್ಚಿಕೊಂಡ್ರಾ? ಇವತ್ತು ಗೊತ್ತಿದ್ದೂ ಅದನ್ನೇ ತಂದು ಹಾಸಿದ್ರಾ?”

“ಒಂದು ಸಲಕ್ಕೆ ಏನಾಗಲ್ಲ ಅಂದ್ಕೊಂಡೆ. ಅಷ್ಟೇ ಅಲ್ಲ... ಎಲ್ಲಿ ಒಣಗಿಸ್ತೀರಿ ಅಂತ ಡಾಕ್ಟ್ರಮ್ಮ ಅವತ್ತೇ ಕೇಳಿದ್ರು. ಬೋರ್ಡು ನೆನಪಾಯ್ತು, ಬಯಲಲ್ಲಿ ಅಂದ್ರೆ ಬೇಡ ಅಂತಾರೇನೋ ಅನ್ನಿಸ್ತು. ಮನೆ ಒಳಗೇ ಅಂದ್ಬಿಟ್ಟೆ.”

ನಾದಿನಿ ಬಾಯಿಗೆ ಸೆರಗು ಹಿಡಿದಳು. ನಾನು ಮಾವನ ಕಡೆ ತಿರುಗಿದೆ. “ನನಗೆ ಬಾಯಿಬಿಟ್ಟು ಹೇಳಬಾರದಿತ್ತಾ ಮಾವ?”

“ಹೇಳ್ಬಹುದಿತ್ತು,” ಎಂದರು ಅವರು, ಕೊರಳಪಟ್ಟಿಯನ್ನು ಜೇಬಿಗೆ ಸೇರಿಸುತ್ತ. “ಬೋರ್ಡು ನಿಮ್ಮದು. ಮನೇನೂ ನಿಮ್ಮದು.”

ನಾಯಿಗಳ ತುರಿಕೆ ನನಗೆ ಹೆದರುವುದಿಲ್ಲ. ಹುಲ್ಲು ಹೂಬಿಟ್ಟಾಗ ಮತ್ತೆ ಬರುತ್ತದೆ, ಡಾಕ್ಟ್ರಮ್ಮನಿಗೆ ಫೋನು ಮಾಡಿ ನಿಜ ಹೇಳಿದಾಗ ಅವರೂ ಹಾಗೇ ಅಂದರು. ನಾದಿನಿಯ ಕಾರು ಹಿಂದಿನ ಸೀಟು ಖಾಲಿ ಇಟ್ಟುಕೊಂಡೇ ಹೊರಟಿತು. ಅದು ತಿರುವು ದಾಟುವ ಮೊದಲೇ ನಾನು ಒದ್ದೆ ಬಟ್ಟೆ ಹಿಡಿದು ಜಮಖಾನನ ಹೊಟ್ಟೆ ಒರೆಸುತ್ತಿದ್ದೆ. ಮಾವ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದಿಟ್ಟರು.